ಸೊಂಟಕ್ಕೆ ಸಡಿಲ, ತೊಡೆಗೆ ಬಿಗಿ

ನಮ್ಮ ಕಡೆ ರವಿಕೆ ಹೊಲಿಯುವವರು ಪಕ್ಕದ ಹೊಲಿಗೆಯನ್ನು ಒಂದೇ ಸಾಲಿಗೆ ಮುಗಿಸುವುದಿಲ್ಲ. ಒಳಗೆ ಒಂದಿಂಚಾದರೂ ಬಟ್ಟೆ ಬಿಟ್ಟು ಅದರ ಮೇಲೆ ಎರಡೋ ಮೂರೋ ಸಾಲು ಹೊಲಿಗೆ ಓಡಿಸಿರುತ್ತಾರೆ. ಮೈ ತುಂಬಿಕೊಂಡರೆ ಒಂದು ಸಾಲು ಬಿಚ್ಚುವುದು, ಇಳಿದರೆ ಮತ್ತೊಂದು ಸಾಲು ಹಾಕುವುದು. ಬಾಣಂತನ ಮುಗಿಸಿದ ಹೆಣ್ಣುಮಕ್ಕಳು ಇದನ್ನು ದರ್ಜಿಯ ಹತ್ತಿರ ಹೋಗದೆ ಮನೆಯಲ್ಲೇ ಮಾಡಿಕೊಳ್ಳುತ್ತಾರೆ. ಸೀರೆಗೆ ಫಾಲ್ ಹಚ್ಚುವಾಗ ಮೇಲ್ಗಡೆ ಕಾಣದ ಹಾಗೆ ಒಂದೆರಡು ಎಳೆಯನ್ನಷ್ಟೇ ಸೂಜಿಯ ತುದಿಯಲ್ಲಿ ಎತ್ತಿಕೊಳ್ಳುವ ಕೈಗಳೂ ಎಷ್ಟೋ ಮನೆಗಳಲ್ಲಿವೆ. ಆದರೆ ಅದೇ ಮನೆಗಳಲ್ಲಿ ಪ್ಯಾಂಟು ಹೊಂದದಿದ್ದರೆ ಮಾತ್ರ ಯಾರೂ ಸೂಜಿ ಹಿಡಿಯುವುದಿಲ್ಲ. ಸೊಂಟ ಸಡಿಲವಾದರೆ ಬೆಲ್ಟು ಬಿಗಿದು ನೆರಿಗೆ ಮಾಡಿಕೊಳ್ಳುತ್ತೇವೆ, ಉದ್ದವಾದರೆ ಎರಡು ಸುತ್ತು ಮಡಚಿಕೊಳ್ಳುತ್ತೇವೆ, ಬಿಗಿಯಾದರೆ ಬೀರುವಿನ ತಳಕ್ಕೆ ತಳ್ಳುತ್ತೇವೆ.

ಪ್ಯಾಂಟಿನ ಆಲ್ಟ್ರೇಷನ್ನಿಗೆ ಹೆಚ್ಚಾಗಿ ಬೇಕಾಗುವುದು ಈ ಎರಡೇ ಕೆಲಸ: ಒಳಗೆ ಬಿಟ್ಟ ಬಟ್ಟೆಯನ್ನು ನೋಡಿಕೊಂಡು ಹೊಲಿಗೆಯ ಗೆರೆ ಸರಿಸುವುದು ಮತ್ತು ಕಾಣದಂತೆ ಅಂಚು ಹೊಲಿಯುವುದು. ಅದಕ್ಕೂ ಮೊದಲು ತಿಳಿದಿರಬೇಕಾದದ್ದು ಒಂದಿದೆ. ಪ್ಯಾಂಟಿನಲ್ಲಿ ಕೆಲವು ಜಾಗಗಳನ್ನು ಸುಲಭವಾಗಿ ಬದಲಿಸಬಹುದು. ಕೆಲವನ್ನು ಎಂಥ ನುರಿತ ದರ್ಜಿಯೂ ಬದಲಿಸಲಾರ. ಬದಲಿಸಲಾಗದ ಜಾಗಕ್ಕೆ ಹೊಂದುವಂತೆ ಕೊಂಡು, ಉಳಿದದ್ದನ್ನು ಮನೆಯಲ್ಲಿ ಸರಿಮಾಡಿಕೊಳ್ಳಬೇಕು. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ. ಅಂಗಡಿಗೆ ಹೋಗಿ ‘ಮೂವತ್ತೆರಡು ಕೊಡಿ’ ಎಂದು ಸೊಂಟದ ನಂಬರ್ ಕೇಳಿ ತರುತ್ತೇವೆ. ಸೊಂಟವೋ, ಪ್ಯಾಂಟಿನಲ್ಲಿ ಬದಲಿಸಲು ಅತ್ಯಂತ ಸುಲಭವಾದ ಜಾಗ.

ರೆಡಿಮೇಡ್ ಪ್ಯಾಂಟು ಎಲ್ಲರಿಗೂ ಒಂದಲ್ಲ ಒಂದು ಕಡೆ ತಪ್ಪುವುದಕ್ಕೆ ಕಾರಣ ಅದನ್ನು ಕತ್ತರಿಸುವ ರೀತಿಯಲ್ಲೇ ಇದೆ. ಕಂಪನಿಯವರು ಮೊದಲು ನಡುವಿನ ಒಂದು ಅಳತೆಗೆ ಪ್ಯಾಟರ್ನ್ ಮಾಡುತ್ತಾರೆ. ಆಮೇಲೆ ಒಂದೊಂದು ಸೈಜಿಗೆ ಇಷ್ಟಿಷ್ಟು ಎಂದು ಸೊಂಟ, ಸೀಟು, ತೊಡೆ, ಮಂಡಿ ಎಲ್ಲವನ್ನೂ ಲೆಕ್ಕದ ಪ್ರಕಾರ ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ. ಆದರೆ ಮನುಷ್ಯರ ಮೈ ಹಾಗೆ ಒಂದೇ ಲೆಕ್ಕದಲ್ಲಿ ಬೆಳೆಯುವುದಿಲ್ಲ. ಹೊಟ್ಟೆ ಬಂದವರ ಕಾಲು ಸಣ್ಣಗೇ ಇರಬಹುದು. ಸೈಕಲ್ ತುಳಿಯುವ ಹುಡುಗನ ಸೊಂಟ ಕಿರಿದು, ತೊಡೆ ದಪ್ಪ. ಹೆಂಗಸರಲ್ಲಂತೂ ಸೊಂಟಕ್ಕೂ ಸೀಟಿಗೂ ನಡುವಿನ ಅಂತರ ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತದೆ. ಸಾಲದೆಂಬಂತೆ, ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಬ್ರಾಂಡುಗಳ ಅಳತೆಪಟ್ಟಿಗೆ ಮೂಲ ಅಮೆರಿಕ, ಬ್ರಿಟನ್ನುಗಳ ಪಟ್ಟಿ. ಭಾರತೀಯರ ಮೈಗೆ ತಕ್ಕ ಅಳತೆ ಬೇಕೆಂದು ನಿಫ್ಟ್ ಎಂದೇ ಹೆಸರಾದ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ 2018ರಲ್ಲಿ ‘ಇಂಡಿಯಾಸೈಜ್’ ಎಂಬ ಸಮೀಕ್ಷೆಯನ್ನು ಘೋಷಿಸಿತು. ಬೆಂಗಳೂರೂ ಸೇರಿದಂತೆ ಆರು ನಗರಗಳಲ್ಲಿ 25,000 ಜನರ ಮೈಯನ್ನು ತ್ರೀ-ಡಿ ಸ್ಕ್ಯಾನರಿನಲ್ಲಿ ಅಳೆಯುವ ಯೋಜನೆ ಅದು. ಅಗತ್ಯವಾದ ಕೆಲಸವೇ. ಆದರೂ ಯಾವ ಪಟ್ಟಿ ಬಂದರೂ ಅದು ಸರಾಸರಿಯ ಪಟ್ಟಿ. ಸರಾಸರಿಯಿಂದ ನಮ್ಮ ಮೈವರೆಗಿನ ಕೊನೆಯ ಒಂದೆರಡು ಇಂಚನ್ನು ಸೂಜಿಯೇ ದಾಟಿಸಬೇಕು.

ಹಾಗಾದರೆ ಬದಲಿಸಲಾಗದ ಜಾಗ ಯಾವುದು? ಮುಖ್ಯವಾಗಿ ಸೊಂಟದ ಪಟ್ಟಿಯಿಂದ ತೊಡೆಸಂದಿಯವರೆಗಿನ ಆಳ. ಅಲ್ಲಿ ಬಟ್ಟೆ ಸಾಲದಿದ್ದರೆ ತಂದು ಸೇರಿಸಲು ಎಲ್ಲೂ ಇರುವುದಿಲ್ಲ. ಕೂತಾಗ ಹಿಂದೆ ಪಟ್ಟಿ ಕೆಳಗೆ ಜಾರಿ ಬೆನ್ನು ಕಾಣುವ ಪ್ಯಾಂಟು, ಎಷ್ಟೇ ಚೆಂದ ಕಂಡರೂ, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ತೊಡೆಯೂ ಹಾಗೆಯೇ: ಒಳಗೆ ಮಾರ್ಜಿನ್ ಇದ್ದಷ್ಟೇ ಬಿಡಿಸಬಹುದು, ರೆಡಿಮೇಡಿನಲ್ಲಿ ಅದು ತೀರಾ ಕಡಿಮೆ. ಆದ್ದರಿಂದ ಸೀಟಿಗೂ ತೊಡೆಗೂ ಹಾಯಾಗಿ ಕೂರುವ ಸೈಜನ್ನೇ ಆರಿಸಿ. ಆ ಸೈಜಿನಲ್ಲಿ ಸೊಂಟ ಒಂದೂವರೆ ಇಂಚು ಸಡಿಲವಾಗಿದ್ದರೂ, ಉದ್ದ ಮೂರಿಂಚು ಹೆಚ್ಚಾಗಿದ್ದರೂ, ಮಂಡಿಯ ಕೆಳಗೆ ಅಗಲವಾಗಿದ್ದರೂ ಚಿಂತೆಯಿಲ್ಲ. ಆ ಮೂರೂ ನಿಮ್ಮ ಕೈಯಲ್ಲೇ ಇವೆ.

ಟ್ರಯಲ್ ರೂಮಿನಲ್ಲಿ ಕನ್ನಡಿ ನೋಡುವ ಮೊದಲು ಪ್ಯಾಂಟನ್ನು ಒಳಮಗ್ಗುಲಾಗಿ ತಿರುಗಿಸಿ. ಗಂಡಸರ ಫಾರ್ಮಲ್ ಪ್ಯಾಂಟಿನಲ್ಲಿ ಹಿಂದಿನ ನಡುಹೊಲಿಗೆ ಸೊಂಟದ ಪಟ್ಟಿಯನ್ನೂ ಸೀಳಿಕೊಂಡು ಮೇಲಿನವರೆಗೆ ಹೋಗಿರುತ್ತದೆ. ಪಟ್ಟಿಯನ್ನು ಎರಡು ತುಂಡಾಗಿ ಮಾಡಿ ಹಿಂದೆ ಕೂಡಿಸಿರುತ್ತಾರೆ. ಆಲ್ಟ್ರೇಷನ್ ಬಂದೇ ಬರುತ್ತದೆ ಎಂದು ತಿಳಿದ ಹಳೆಯ ದರ್ಜಿಗಳ ಮುಂದಾಲೋಚನೆ ಇದು. ಆ ಹೊಲಿಗೆಯ ಎರಡೂ ಬದಿಯಲ್ಲಿ ಮೇಲ್ಗಡೆ ಒಂದಿಂಚಿನಷ್ಟು ಬಟ್ಟೆ ಬಿಟ್ಟು, ಕೆಳಗೆ ಹೋದಂತೆ ಕಿರಿದಾಗಿಸಿದ್ದರೆ ಅದು ಒಳ್ಳೆಯ ಪ್ಯಾಂಟು, ಮುಂದೆ ಹತ್ತು ವರ್ಷ ನಿಮ್ಮ ಮೈಯ ಏರಿಳಿತದ ಜೊತೆ ಬರಬಲ್ಲದು. ಕಾಲಂಚನ್ನು ತೀರಾ ಕಿರಿದಾಗಿ ಮಡಚಿದ್ದು, ಹೊಲಿಗೆಗಳ ಪಕ್ಕ ಕಾಲಿಂಚೂ ಇಲ್ಲದೆ ಓವರ್‌ಲಾಕ್ ಮಾಡಿದ್ದರೆ ಕೊಂಡ ಅಳತೆಯೇ ಅದರ ಕೊನೆಯ ಅಳತೆ. ಬೆಲೆಚೀಟಿಗಿಂತ ಈ ಒಳಬದಿ ಹೆಚ್ಚು ನಿಜ ಹೇಳುತ್ತದೆ.

ಇನ್ನು ತೊಟ್ಟು ನೋಡುವ ವಿಚಾರ. ನೆಟ್ಟಗೆ ನಿಂತು ಕನ್ನಡಿ ನೋಡಿದರೆ ಎಲ್ಲ ಪ್ಯಾಂಟೂ ಅರ್ಧದಷ್ಟು ಸರಿಯಾಗಿಯೇ ಕಾಣುತ್ತದೆ. ಕುರ್ಚಿಯ ಮೇಲೆ ಕೂರಿ. ಸಾಧ್ಯವಾದರೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿ, ಏಕೆಂದರೆ ಮದುವೆಮನೆಯಲ್ಲಿ, ದೇವಸ್ಥಾನದಲ್ಲಿ, ಅಜ್ಜಿಮನೆಯಲ್ಲಿ ನಾವು ಕೂರುವುದು ಹಾಗೆಯೇ. ಸ್ಕೂಟರಿನಲ್ಲಿ ದಿನವೂ ಓಡಾಡುವವರು ಆ ಭಂಗಿಯಲ್ಲೂ ನೋಡಿಕೊಳ್ಳಬೇಕು. ಮಂಡಿ ಮಡಚಿದ ಕೂಡಲೇ ಕಾಲಂಚು ಎರಡು ಮೂರು ಇಂಚು ಮೇಲೇರುತ್ತದೆ. ಹಿಂಬದಿ ನಮಗೆ ಕಾಣುವುದಿಲ್ಲವಾದ್ದರಿಂದ ಫೋನಿನಲ್ಲಿ ಯಾರಿಂದಲಾದರೂ ಒಂದು ಚಿತ್ರ ತೆಗೆಸಿಕೊಳ್ಳುವುದು ಒಳ್ಳೆಯದು.

ಆ ಚಿತ್ರದಲ್ಲಿ ಸುಕ್ಕುಗಳನ್ನು ನೋಡಿ. ಸುಕ್ಕು ಎಂದರೆ ಬಟ್ಟೆ ತನ್ನ ತೊಂದರೆಯನ್ನು ತಾನೇ ಬರೆದು ತೋರಿಸುವ ಗೆರೆ. ಸೀಟಿನ ಮೇಲೆ ಅಡ್ಡಡ್ಡಲಾಗಿ ಎಳೆದ ಗೆರೆಗಳಿದ್ದರೆ ಅಲ್ಲಿ ಅಗಲ ಸಾಲದು. ಮುಂದೆ ತೊಡೆಸಂದಿಯಿಂದ ಎರಡೂ ಕಡೆ ಕಿರಣದಂತೆ ಗೆರೆ ಹೊರಟಿದ್ದರೆ ತೊಡೆಯೋ ಸಂದಿಯ ಆಳವೋ ಬಿಗಿ. ಸೀಟಿನ ಕೆಳಗೆ, ತೊಡೆಯ ಹಿಂದೆ ಬಟ್ಟೆ ಜೋತು ಮಡಿಕೆಯಾಗಿ ನಿಂತರೆ ಅಲ್ಲಿ ಬಟ್ಟೆ ಹೆಚ್ಚು. ಸೀಟು ಚಪ್ಪಟೆ ಇರುವವರಿಗೆ, ವಯಸ್ಸಾದ ಗಂಡಸರಿಗೆ ಇದು ಸಾಮಾನ್ಯ. ಸೀಟು ಸರಿಯಾಗಿದ್ದು ಬೆನ್ನಿನ ಹತ್ತಿರ ಮಾತ್ರ ಪಟ್ಟಿ ಬಾಯಿ ಬಿಟ್ಟಿದ್ದರೆ ಸೊಂಟ ಸಡಿಲ. ಎಳೆದ ಗೆರೆ ಬಿಗಿಗೆ, ಜೋತ ಮಡಿಕೆ ಸಡಿಲಕ್ಕೆ ಎಂಬಷ್ಟು ತಿಳಿದುಕೊಂಡರೂ ಎಲ್ಲಿ ಬಿಚ್ಚಬೇಕು ಎನ್ನುವುದು ಹೊಳೆಯುತ್ತದೆ.

ಮನೆಯಲ್ಲಿ ಕಲಿಯಲೇಬೇಕಾದ ಕೆಲಸ ಹಿಂದಿನ ನಡುಹೊಲಿಗೆಯದು. ಸೊಂಟ, ಸೀಟು ಎರಡನ್ನೂ ಈ ಒಂದೇ ಗೆರೆ ಆಳುತ್ತದೆ. ಪ್ಯಾಂಟು ತೊಟ್ಟು ನಿಂತು, ಹೆಚ್ಚಾದ ಬಟ್ಟೆಯನ್ನು ಬೆನ್ನ ಹಿಂದೆ ಮನೆಯವರ ಕೈಲಿ ಚಿವುಟಿ ಹಿಡಿಸಿ ಗುಂಡುಸೂಜಿ ಚುಚ್ಚಿಸಿ. ಬೆರಳೆರಡು ಆಡುವಷ್ಟು ಜಾಗ ಉಳಿಯಲಿ. ಊಟವಾದ ಮೇಲೂ ಅದೇ ಪ್ಯಾಂಟು ತಾನೇ. ಚಿವುಟಿದ್ದು ಒಟ್ಟು ಒಂದೂವರೆ ಇಂಚು ಎಂದಿಟ್ಟುಕೊಳ್ಳಿ. ಆಗ ನಡುಹೊಲಿಗೆಯ ಒಂದೊಂದು ಬದಿಗೆ ಮುಕ್ಕಾಲು ಇಂಚು. ಪ್ಯಾಂಟು ಬಿಚ್ಚಿ, ಒಳಮಗ್ಗುಲು ಮಾಡಿ, ನಡುವಿನ ಬೆಲ್ಟ್ ಲೂಪ್ ಇದ್ದರೆ ಅದನ್ನು ಬಿಡಿಸಿ, ಪಟ್ಟಿಯ ಒಳಬಟ್ಟೆಯ ಹೊಲಿಗೆಯನ್ನು ನಡುವಿನಿಂದ ಆಚೆಗೂ ಈಚೆಗೂ ಎರಡೆರಡು ಇಂಚು ಬಿಚ್ಚಿ. ಮಾರ್ಕಿಂಗ್ ಚಾಕ್‌ನಿಂದ ಮೇಲೆ ಮುಕ್ಕಾಲು ಇಂಚು ಒಳಗೆ ಗುರುತು ಹಾಕಿ, ಅಲ್ಲಿಂದ ಕೆಳಕ್ಕೆ ಹಳೆಯ ಹೊಲಿಗೆಯನ್ನು ನಿಧಾನವಾಗಿ ಸೇರುವಂತೆ ಗೀರು ಎಳೆಯಿರಿ. ಸೊಂಟ ಮಾತ್ರ ಸಡಿಲವಿದ್ದರೆ ಐದಾರು ಇಂಚಿನಲ್ಲೇ ಸೇರಬಹುದು. ಸೀಟೂ ಸಡಿಲವಿದ್ದರೆ ಇನ್ನೂ ಕೆಳಗೆ, ಹೊಲಿಗೆ ಸಂದಿನ ಕಡೆಗೆ ಬಾಗುವವರೆಗೆ. ಗೀರು ಹಳೆಯ ಗೆರೆಯನ್ನು ಸವರಿಕೊಂಡಂತೆ ಸೇರಬೇಕು. ತಟಕ್ಕನೆ ಸೇರಿಸಿದರೆ ಹೊರಗಡೆ ಅಲ್ಲೊಂದು ಗುಬುಟು ಎದ್ದು ಕೂರುತ್ತದೆ, ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ.

ನೇರವಾಗಿ ಮಷೀನಿಗೆ ಕೂರಬೇಡಿ. ಬೇರೆ ಬಣ್ಣದ ದಾರದಲ್ಲಿ ಗೀರಿನ ಮೇಲೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ತೊಟ್ಟು, ಕೂತು, ಎದ್ದು ನೋಡಿ. ಸರಿ ಎನಿಸಿದ ಮೇಲೆ ಪಕ್ಕಾ ಹೊಲಿಗೆ. ಹಳೆಯ ಹೊಲಿಗೆಯನ್ನು ಬಿಚ್ಚುವುದು ಹೊಸದು ಬಿದ್ದ ನಂತರವೇ. ಮೊದಲೇ ಬಿಚ್ಚಿದರೆ ಎರಡು ಪದರವೂ ಒಂದರ ಮೇಲೊಂದು ಜಾರಿ ಅಳತೆ ತಪ್ಪುತ್ತದೆ. ಸೀಟಿನ ಹೊಲಿಗೆ ಬಟ್ಟೆಯ ಎಳೆಗೆ ಓರೆಯಾಗಿ ಸಾಗುವುದರಿಂದ ಬಗ್ಗಿದಾಗಲೆಲ್ಲ ಹಿಗ್ಗುತ್ತದೆ. ಅದಕ್ಕೇ ಇಲ್ಲಿ ಹೊಲಿಗೆ ಸಣ್ಣದಿರಲಿ, ಒಂದರ ಮೇಲೊಂದು ಎರಡು ಸಲ ಓಡಲಿ. ಮಷೀನ್ ಇಲ್ಲದ ಮನೆಯಲ್ಲಿ ಕೈಯಿಂದಲೂ ಇದನ್ನು ಮಾಡಬಹುದು: ಸೂಜಿಯನ್ನು ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ಎತ್ತುವ ಹೊಲಿಗೆ ಮಷೀನಿನಷ್ಟೇ ಗಟ್ಟಿ, ಹಿಗ್ಗುವುದರಲ್ಲಿ ಅದಕ್ಕಿಂತ ಮೇಲು. ಮಷೀನು ಬಂದ ಮೇಲೂ ಒಳ್ಳೆಯ ದರ್ಜಿಗಳು ಸೀಟಿಗೆ ಈ ಕೈಹೊಲಿಗೆಯನ್ನೇ ನೆಚ್ಚಿಕೊಂಡಿದ್ದುಂಟು. ಆಮೇಲೆ ಹೊಲಿಗೆಯ ಎರಡೂ ಬದಿಯನ್ನು ಬಿಡಿಸಿ ಇಸ್ತ್ರಿ ಒತ್ತಿ, ಪಟ್ಟಿ ಮುಚ್ಚಿ, ಲೂಪ್ ಮತ್ತೆ ಕೂರಿಸಿ. ಹೆಚ್ಚಾದ ಬಟ್ಟೆಯನ್ನು ದಯವಿಟ್ಟು ಕತ್ತರಿಸಬೇಡಿ. ಇಂದಿನ ಹೆಚ್ಚು ನಾಳೆಯ ಮಾರ್ಜಿನ್.

ಈ ದಾರಿಗೂ ಒಂದು ಗಡಿಯಿದೆ. ಹಿಂದೆ ಒಟ್ಟು ಎರಡು ಇಂಚಿಗಿಂತ ಹೆಚ್ಚು ಒಳಗೆ ತೆಗೆದರೆ ಹಿಂಬದಿಯ ಎರಡು ಜೇಬುಗಳೂ ಹತ್ತಿರ ಬಂದು ಒಂದನ್ನೊಂದು ಮುಟ್ಟುವಂತಾಗುತ್ತವೆ, ಪಕ್ಕದ ಹೊಲಿಗೆಗಳು ಹಿಂದಕ್ಕೆ ಎಳೆದುಕೊಳ್ಳುತ್ತವೆ, ಮುಂದಿನ ಇಸ್ತ್ರಿಗೆರೆ ಹೊರಕ್ಕೆ ತಿರುಗುತ್ತದೆ. ಅಷ್ಟು ಸಡಿಲವಾದ ಪ್ಯಾಂಟು ನಿಮ್ಮದಲ್ಲದ ಸೈಜಿನದು. ಬಿಡಿಸಿ ದೊಡ್ಡದು ಮಾಡುವಾಗಲೂ ಇದೇ ಕ್ರಮ, ಗೀರು ಮಾತ್ರ ಹಳೆಯ ಹೊಲಿಗೆಯ ಹೊರಗೆ, ಮಾರ್ಜಿನ್ನಿನ ಮೇಲೆ. ಅಂಚಿಗೆ ಕಾಲಿಂಚಾದರೂ ಉಳಿಯಲೇಬೇಕು, ಇಲ್ಲದಿದ್ದರೆ ಬಗ್ಗಿದ ಮೊದಲ ಸಲವೇ ಎಳೆ ಬಿಡುತ್ತದೆ.

ಹೆಂಗಸರ ಪ್ಯಾಂಟಿನಲ್ಲಿ ಪಟ್ಟಿ ಹೆಚ್ಚಾಗಿ ಒಂದೇ ತುಂಡು. ಅದನ್ನು ನಡುವಿನಲ್ಲಿ ಕತ್ತರಿಸಿ ಕೂಡಿಸಬೇಕಾಗುತ್ತದೆ, ಧೈರ್ಯ ಬೇಕು. ಸುಲಭದ ಉಪಾಯವೂ ಇದೆ. ಪಟ್ಟಿಯ ಒಳಮಗ್ಗುಲಲ್ಲಿ, ಎರಡು ಪಕ್ಕದ ಹೊಲಿಗೆಗಳ ಹತ್ತಿರ, ಸಣ್ಣ ಸೀಳು ಮಾಡಿ ಹಿಂಭಾಗಕ್ಕಷ್ಟೇ ಎಲಾಸ್ಟಿಕ್ ತೂರಿಸಿ ಎರಡೂ ತುದಿ ಬಿಗಿಯಾಗಿ ಹೊಲಿದುಬಿಡುವುದು. ಬೆನ್ನ ಹತ್ತಿರ ಬಾಯಿ ಬಿಡುವ ಪ್ಯಾಂಟಿಗೆ ಇದು ಚೆನ್ನಾಗಿ ಒಗ್ಗುತ್ತದೆ, ಟಾಪ್ ಅಥವಾ ಕುರ್ತಾ ಇಳಿಬಿಟ್ಟರೆ ಹೊರಗೆ ಕಾಣುವುದೂ ಇಲ್ಲ.

ಸೊಂಟ ಮುಗಿದ ಮೇಲೆಯೇ ಉದ್ದ. ಈ ಕ್ರಮ ತಪ್ಪಬಾರದು, ಏಕೆಂದರೆ ಸೊಂಟ ಹಿಡಿದ ಪ್ಯಾಂಟು ಮೊದಲಿಗಿಂತ ಮೇಲೆ ಕೂರುತ್ತದೆ, ಉದ್ದದ ಲೆಕ್ಕವೇ ಬದಲಾಗುತ್ತದೆ. ಮತ್ತೊಂದು: ಕಾಟನ್ ಪ್ಯಾಂಟನ್ನು ಒಗೆದು ಒಣಗಿಸುವ ಮೊದಲು ಉದ್ದ ಕತ್ತರಿಸಬೇಡಿ. ನೇಯುವಾಗ ಬಿಗಿದು ಎಳೆದ ಹಾಸಿನ ಎಳೆಗಳು ನೀರು ಕಂಡೊಡನೆ ತಮ್ಮ ಸಹಜ ಉದ್ದಕ್ಕೆ ಮರಳುತ್ತವೆ, ಆ ಹಾಸು ಪ್ಯಾಂಟಿನ ಉದ್ದಕ್ಕೇ ಸಾಗಿರುತ್ತದೆ. 1930ರಲ್ಲಿ ಅಮೆರಿಕದ ಸ್ಯಾನ್‌ಫೋರ್ಡ್ ಕ್ಲುಯೆಟ್ ಪೇಟೆಂಟ್ ಪಡೆದ ವಿಧಾನದಲ್ಲಿ ಬಟ್ಟೆಯನ್ನು ಕಾರ್ಖಾನೆಯಲ್ಲೇ ಮುಂಚಿತವಾಗಿ ಕುಗ್ಗಿಸುತ್ತಾರೆ. ಅವನ ಹೆಸರಿನಿಂದಲೇ ಸ್ಯಾನ್‌ಫೊರೈಸ್ಡ್ ಎಂಬ ಮುದ್ರೆ ಬಂದದ್ದು. ಆ ಮುದ್ರೆ ಇದ್ದರೂ ಒಂದು ಸಲ ಒಗೆಯುವುದರಿಂದ ನಷ್ಟವೇನಿಲ್ಲ.

ಉದ್ದವನ್ನು ನಾವೇ ಬಗ್ಗಿ ಗುರುತು ಮಾಡಿಕೊಳ್ಳಲಾಗದು. ಬಗ್ಗಿದ ಕೂಡಲೇ ಕಾಲಂಚು ಏರುತ್ತದೆ. ದಿನವೂ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡು ನೇರ ಮುಂದೆ ನೋಡುತ್ತ ನಿಲ್ಲಿ. ಇನ್ನೊಬ್ಬರು ಹಿಂದೆ ಕೂತು ಚಾಕ್ ಹಾಕಲಿ. ಎರಡೂ ಕಾಲನ್ನು ಬೇರೆ ಬೇರೆ ಅಳೆಯಬೇಕು. ಎರಡರಲ್ಲಿ ಸ್ವಲ್ಪ ವ್ಯತ್ಯಾಸ ಇರುವುದು ಬಹಳ ಜನರಿಗೆ ಸಹಜ, ಒಂದನ್ನು ನೋಡಿ ಇನ್ನೊಂದನ್ನು ಕತ್ತರಿಸಿದರೆ ಒಂದು ಅಂಚು ನೆಲ ಗುಡಿಸುತ್ತದೆ. ಫಾರ್ಮಲ್ ಪ್ಯಾಂಟಿಗೆ ಹಿಂದೆ ಅರ್ಧ ಇಂಚು ಇಳಿಸಿ ಓರೆಯಾಗಿ ಅಂಚು ಮಾಡಿದರೆ ಮುಂದೆ ಪಾದದ ಮೇಲೆ ಮುದುಡದೆ, ಹಿಂದೆ ಹಿಮ್ಮಡಿ ಕಾಣದೆ ನೀಟಾಗಿ ನಿಲ್ಲುತ್ತದೆ.

ಮಡಿಕೆಗೆ ಎರಡು ಇಂಚು ಬಿಟ್ಟು ಉಳಿದದ್ದನ್ನು ಕತ್ತರಿಸಬಹುದು. ಬೆಳೆಯುವ ಮಕ್ಕಳದಾದರೆ ಕತ್ತರಿಸದೆ ಪೂರ್ತಿ ಒಳಗೆ ಮಡಚಿ. ಮುಂದಿನ ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಯೂನಿಫಾರಂ ಪ್ಯಾಂಟು ಬಿಡಿಸಿ ಇಳಿಸಿದರೆ ಇನ್ನೊಂದು ವರ್ಷ ಬರುತ್ತದೆ. ಹಳೆಯ ಮಡಿಕೆಯ ಗುರುತು ನಿಂತರೆ, ಬಿಳಿ ವಿನೆಗರನ್ನು ನೀರಿಗೆ ಬೆರೆಸಿ ಒದ್ದೆ ಮಾಡಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದರೆ ಬಹುಮಟ್ಟಿಗೆ ಹೋಗುತ್ತದೆ. ಬಣ್ಣವೇ ಸವೆದ ಬಿಳಿಗೆರೆ ಮಾತ್ರ ಹೋಗದು.

ಅಂಚಿನಲ್ಲಿ ಹಲವರು ಎಡವುವ ಜಾಗ ಒಂದಿದೆ. ಕೆಳಗೆ ಕಿರಿದಾಗುತ್ತ ಹೋಗುವ ಕಾಲನ್ನು ಮೇಲಕ್ಕೆ ಮಡಚಿದಾಗ, ಮಡಿಕೆಯ ತುದಿಯ ಸುತ್ತಳತೆ ಅದು ಹೋಗಿ ಕೂರುವ ಜಾಗದ ಸುತ್ತಳತೆಗಿಂತ ಕಡಿಮೆ ಇರುತ್ತದೆ. ಹಾಗೆಯೇ ಹೊಲಿದರೆ ಹೊರಗಿನ ಬಟ್ಟೆ ಸುಕ್ಕುಗಟ್ಟುತ್ತದೆ. ಮಡಿಕೆಯ ಗೆರೆಯಿಂದ ಕೆಳಗಿನ ಭಾಗದಲ್ಲಿ ಪಕ್ಕದ ಹೊಲಿಗೆಗಳನ್ನು ಬಿಚ್ಚಿ, ಹೊರಕ್ಕೆ ಅರಳುವಂತೆ ಮತ್ತೆ ಹೊಲಿದರೆ ಮಡಿಕೆ ತೊಂದರೆಯಿಲ್ಲದೆ ಕೂರುತ್ತದೆ. ಇನ್ನುಳಿದದ್ದು ಫಾಲ್ ಹಚ್ಚುವ ಕೈಗೆ ಗೊತ್ತಿರುವ ಹೆಮ್ಮಿಂಗ್: ಹೊರಬಟ್ಟೆಯ ಒಂದೇ ಎಳೆ ಎತ್ತುವುದು, ದಾರವನ್ನು ಬಿಗಿಯಾಗಿ ಎಳೆಯದಿರುವುದು. ಪ್ಯಾಂಟಿನ ಕಾಲಂಚಿಗೆ ಕಾಲ್ಬೆರಳು ಸಿಕ್ಕಿಕೊಳ್ಳುವುದರಿಂದ ಒಂದು ಅಂಗೈ ಅಗಲಕ್ಕೊಮ್ಮೆ ಗಂಟು ಹಾಕುತ್ತ ಹೋಗಿ. ಒಂದು ಕಡೆ ಕಿತ್ತರೂ ಪೂರ್ತಿ ಬಿಚ್ಚಿಕೊಳ್ಳದು.

ಜೀನ್ಸ್ ಬೇರೆಯೇ ಜಾತಿ. ನೆವಾಡದ ರೆನೋ ಊರಿನ ಜೇಕಬ್ ಡೇವಿಸ್ ಎಂಬ ದರ್ಜಿ, ಕೂಲಿಗಾರರ ಜೇಬು ಹರಿಯದಿರಲೆಂದು ಮೂಲೆಗಳಿಗೆ ತಾಮ್ರದ ರಿವಿಟ್ ಹೊಡೆದ. ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದ. ಹರಿಯದಿರಲೆಂದೇ ಹುಟ್ಟಿದ ಬಟ್ಟೆಯನ್ನು ಬಿಚ್ಚುವುದು ಕಷ್ಟವೇ. ರಿವಿಟ್ ಇರುವ ಜೇಬಿನ ಬಳಿ, ಪಕ್ಕದ ಹೊಲಿಗೆಯ ಮೇಲ್ಭಾಗಕ್ಕೆ ಕೈ ಹಾಕಬೇಡಿ. ನಮ್ಮ ಬಳ್ಳಾರಿಯ ಜೀನ್ಸ್ ಘಟಕಗಳಲ್ಲಿ ಒಂದೊಂದು ಹೊಲಿಗೆಗೂ ಒಂದೊಂದು ಬಗೆಯ ಮಷೀನಿದೆ, ಮನೆಯ ಮಷೀನಿನಿಂದ ಅದೇ ರೂಪ ಬರುವುದಿಲ್ಲ. ಉದ್ದ ಮಾತ್ರ ಚೆನ್ನಾಗಿ ಕಡಿಮೆ ಮಾಡಬಹುದು, ಅದೂ ಒಗೆದು ಮಾಸಿದ ಮೂಲ ಅಂಚನ್ನು ಉಳಿಸಿಕೊಂಡೇ. ನಾಲ್ಕು ಸೆಂಟಿಮೀಟರ್ ಕಡಿಮೆಯಾಗಬೇಕಿದ್ದರೆ ಕಾಲನ್ನು ಹೊರಕ್ಕೆ ಮಡಚಿ. ಹೊಸ ಮಡಿಕೆಯಿಂದ ಮೂಲ ಅಂಚಿನ ಹೊಲಿಗೆಯವರೆಗೆ ಅದರ ಅರ್ಧ, ಎಂದರೆ ಎರಡು ಸೆಂಟಿಮೀಟರ್ ಇರಲಿ. ಆ ಹೊಲಿಗೆಯ ಪಕ್ಕಕ್ಕೆ ತಾಗಿಕೊಂಡೇ ಸುತ್ತ ಹೊಲಿದು, ಅಂಚನ್ನು ಕೆಳಕ್ಕೆ ತಿರುಗಿಸಿ ಇಸ್ತ್ರಿ ಒತ್ತಿದರೆ ಹಳೆಯ ಅಂಚೇ ಹೊಸ ಉದ್ದದಲ್ಲಿ ನಿಲ್ಲುತ್ತದೆ. ಟೆರಿಕಾಟಿಗೆ 14ನೇ ನಂಬರ್ ಸೂಜಿ ಸಾಕು, ಜೀನ್ಸಿಗೆ 16 ಬೇಕು. ಪಕ್ಕದ ಹೊಲಿಗೆ ಸಂಧಿಸುವ ದಪ್ಪ ಜಾಗವನ್ನು ಮೊದಲೇ ಸುತ್ತಿಗೆಯಲ್ಲಿ ತಟ್ಟಿ ಚಪ್ಪಟೆ ಮಾಡಿ, ಅಲ್ಲಿ ಪೆಡಲ್ ಬಿಟ್ಟು ಚಕ್ರವನ್ನು ಕೈಯಿಂದ ತಿರುಗಿಸಿ.

ಕಾಲು ಕಿರಿದು ಮಾಡುವುದರಲ್ಲಿ ಹೇಳಬೇಕಾದದ್ದು ಕಡಿಮೆ. ಫಾರ್ಮಲ್ ಪ್ಯಾಂಟಾದರೆ ಒಳಹೊಲಿಗೆ, ಹೊರಹೊಲಿಗೆ ಎರಡರಿಂದಲೂ ಸಮನಾಗಿ ತೆಗೆಯಿರಿ, ಇಲ್ಲದಿದ್ದರೆ ಇಸ್ತ್ರಿಗೆರೆ ಓರೆಯಾಗುತ್ತದೆ. ಮಂಡಿಯಿಂದ ಕೆಳಕ್ಕಷ್ಟೇ ಸರಿ. ಎಷ್ಟು ಕಿರಿದು ಎನ್ನುವುದನ್ನು ಹಿಮ್ಮಡಿಯಿಂದ ಪಾದದ ಮೇಲುಬ್ಬಿನ ಸುತ್ತ ಟೇಪು ಹಿಡಿದು ನೋಡಿ ತೀರ್ಮಾನಿಸಿ. ಅದಕ್ಕಿಂತ ಕಿರಿದಾದರೆ ಪಾದವೇ ತೂರುವುದಿಲ್ಲ.

ಒಂದೊಂದು ಹೊಲಿಗೆ ಮುಗಿದ ಕೂಡಲೇ ಇಸ್ತ್ರಿ ಒತ್ತಿ, ಕೊನೆಗೆ ಒಟ್ಟಿಗೆ ಮಾಡೋಣ ಎನ್ನಬೇಡಿ. ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಒದ್ದೆ ಬಟ್ಟೆ ಹಾಸದೆ ಒತ್ತಿದರೆ ಹೊಳಪು ಬಂದು ಮನೆಯ ಆಲ್ಟ್ರೇಷನ್ ಎಂದು ದೂರದಿಂದಲೇ ತಿಳಿಯುತ್ತದೆ.

ಜಿಪ್ ಬದಲಿಸುವುದು, ಜೇಬು ಸರಿಸುವುದು, ಅಸ್ತರಿ ಇರುವ ಉಣ್ಣೆ ಪ್ಯಾಂಟು, ಇವನ್ನು ದರ್ಜಿಗೇ ಕೊಡಿ. ಕೊಡುವಾಗ ‘ಎರಡು ಹೊಲಿಗೆ ತಾನೇ’ ಎಂದು ಚೌಕಾಸಿ ಮಾಡುವುದು ನ್ಯಾಯವಲ್ಲ. ಬೇರೆಯವರು ಹೊಲಿದದ್ದನ್ನು ಬಟ್ಟೆಗೆ ನೋವಾಗದಂತೆ ಬಿಚ್ಚಿ, ಒಳಗೆ ಏನಿದೆ ಎಂದು ಅರಿತು, ಮತ್ತೆ ಹೊಲಿಯುವುದರಲ್ಲಿ ಹೊಸ ಹೊಲಿಗೆಗಿಂತ ಹೆಚ್ಚು ಗಮನ ಹೋಗುತ್ತದೆ. ಸ್ವತಃ ಒಮ್ಮೆ ನಡುಹೊಲಿಗೆ ಬಿಚ್ಚಿ ನೋಡಿದವರಿಗೆ ಅದರ ಬೆಲೆ ತಿಳಿದಿರುತ್ತದೆ. ದಿನವೂ ಹಾಕುವ ಶೂ ತೊಟ್ಟೇ ಅಂಗಡಿಗೆ ಹೋಗಿ, ಪ್ಯಾಂಟು ಹಾಕಿ ತೋರಿಸುವಾಗ ಅಲ್ಲಿನ ಸ್ಟೂಲಿನ ಮೇಲೆ ಒಮ್ಮೆ ಕೂತೂ ತೋರಿಸಿ. ಕತ್ತರಿಸಿ ತೆಗೆದ ತುಂಡನ್ನು ಕೇಳಿ ಪಡೆದುಕೊಳ್ಳಿ. ತೊಡೆಸಂದಿ ಸವೆದಾಗ ಒಳಗಿನಿಂದ ತೇಪೆ ಕೊಡಲು ಅದೇ ಬಣ್ಣದ, ಅದೇ ನೇಯ್ಗೆಯ ಬಟ್ಟೆ ಬೇರೆಲ್ಲೂ ಸಿಗುವುದಿಲ್ಲ.